ಓಟ್ಟೋ ಎಂಡರ್: ಒಬ್ಬ ಪ್ರಾಂತೀಯ ವಕೀಲ, ಎರಡು ಸಂವಿಧಾನಗಳು

ಸಭಿಕರೆಲ್ಲರಿಗೂ ನಮಸ್ಕಾರ.

ಆಸ್ಟ್ರಿಯಾದ ಸಂವಿಧಾನ ಎಂದಾಕ್ಷಣ ನಮ್ಮ ಕಾನೂನು ಕಾಲೇಜುಗಳಲ್ಲಿ ನ್ಯಾಯಶಾಸ್ತ್ರ ಓದಿದವರಿಗೆ ನೆನಪಾಗುವುದು ಹಾನ್ಸ್ ಕೆಲ್ಸನ್ ಅವರ ಹೆಸರು. 1920ರ ಅಕ್ಟೋಬರ್ 1ರಂದು ಅಂಗೀಕಾರವಾದ ಆ ಸಂವಿಧಾನದ ಕರಡನ್ನು ರೂಪಿಸುವುದರಲ್ಲಿ ಕೆಲ್ಸನ್ ಅವರ ಪಾತ್ರ ದೊಡ್ಡದು. ಆದರೆ ಇಂದು ನಾನು ಮಾತನಾಡಬೇಕೆಂದುಕೊಂಡಿರುವುದು ಹದಿನಾಲ್ಕು ವರ್ಷಗಳ ನಂತರ ಆ ಸಂವಿಧಾನದ ಜಾಗದಲ್ಲಿ ಬೇರೊಂದನ್ನು ಬರೆದುಕೊಟ್ಟ ವಕೀಲರ ಬಗ್ಗೆ. ಅವರ ಹೆಸರು ಡಾ. ಓಟ್ಟೋ ಎಂಡರ್. ಆಸ್ಟ್ರಿಯಾದ ಹೊರಗೆ ಅವರನ್ನು ಬಲ್ಲವರು ಕಡಿಮೆ. ಒಳಗೂ ಅವರ ನೆನಪು ಹೆಚ್ಚಾಗಿ ಉಳಿದಿರುವುದು ಅವರ ಸ್ವಂತ ಪ್ರಾಂತ್ಯವಾದ ಫೊರಾರ್ಲ್‌ಬೆರ್ಗ್‌ನಲ್ಲಿ ಮಾತ್ರ. ಹೀಗಿದ್ದರೂ ಅವರನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. 1919ರಲ್ಲಿ ತಮ್ಮ ಪ್ರಾಂತ್ಯದ ಭವಿಷ್ಯವನ್ನು ಜನರ ಮತಕ್ಕೆ ಬಿಟ್ಟ ಸರ್ಕಾರದ ಮುಖ್ಯಸ್ಥರಾಗಿದ್ದವರು, 1934ರಲ್ಲಿ ಇಡೀ ದೇಶದ ಸಂವಿಧಾನವನ್ನೇ ಬದಲಿಸುವಾಗ ಜನರ ಮತವನ್ನು ಕೇಳಲಿಲ್ಲ. ಈ ಎರಡು ಘಟನೆಗಳ ನಡುವಿನ ದಾರಿಯನ್ನು ಅರ್ಥ ಮಾಡಿಕೊಳ್ಳುವುದೇ ಈ ಉಪನ್ಯಾಸದ ಉದ್ದೇಶ.

ಫೊರಾರ್ಲ್‌ಬೆರ್ಗ್ ಆಸ್ಟ್ರಿಯಾದ ಪಶ್ಚಿಮದ ತುದಿಯಲ್ಲಿರುವ, ಸುಮಾರು 2,600 ಚದರ ಕಿಲೋಮೀಟರಿನ ಪುಟ್ಟ ಪ್ರಾಂತ್ಯ. ವಿಯೆನ್ನಾ ನಗರವನ್ನು ಬಿಟ್ಟರೆ ವಿಸ್ತೀರ್ಣದಲ್ಲಿ ಅದಕ್ಕಿಂತ ಚಿಕ್ಕದು ಆಸ್ಟ್ರಿಯಾದಲ್ಲಿ ಇಲ್ಲ. ಪೂರ್ವಕ್ಕೆ ಆರ್ಲ್‌ಬೆರ್ಗ್ ಪರ್ವತ, ಪಶ್ಚಿಮಕ್ಕೆ ರೈನ್ ನದಿ ಮತ್ತು ಅದರಾಚೆ ಸ್ವಿಟ್ಜರ್ಲೆಂಡ್, ವಾಯವ್ಯಕ್ಕೆ ಕಾನ್‌ಸ್ಟನ್ಸ್ ಸರೋವರ. 1884ರಲ್ಲಿ ಪರ್ವತವನ್ನು ಕೊರೆದು ರೈಲು ಸುರಂಗ ತೆರೆಯುವವರೆಗೆ ಚಳಿಗಾಲದಲ್ಲಿ ಈ ಜನರಿಗೆ ವಿಯೆನ್ನಾಕ್ಕಿಂತ ಸ್ವಿಸ್ ಪಟ್ಟಣವಾದ ಸಾಂಕ್ಟ್ ಗಾಲೆನ್ ಎಷ್ಟೋ ಹತ್ತಿರವಾಗಿತ್ತು. ಇಲ್ಲಿನ ಆಡುಮಾತು ಕೂಡ ಉಳಿದ ಆಸ್ಟ್ರಿಯನ್ನರದಲ್ಲ. ಅದು ಸ್ವಿಸ್ ಜರ್ಮನ್ನಿನ ಸಂಬಂಧಿಯಾದ ಅಲೆಮಾನಿಕ್. ಗಡಿಯ ಊರಾದ ಲುಸ್ಟೆನಾವ್‌ನ ಮನೆಮನೆಗಳಲ್ಲಿ ನಡೆಯುತ್ತಿದ್ದ ಕಸೂತಿ ಕೆಲಸ ನಂಬಿಕೊಂಡಿದ್ದದ್ದು ಸ್ವಿಸ್ ವ್ಯಾಪಾರಿಗಳನ್ನು. 1861ರಿಂದ ಪ್ರಾಂತ್ಯಕ್ಕೆ ತನ್ನದೇ ಶಾಸನಸಭೆ ಇತ್ತಾದರೂ ಚಕ್ರವರ್ತಿಯ ಆಡಳಿತ ಮಾತ್ರ ಪಕ್ಕದ ಟಿರೋಲ್‌ನ ರಾಜಧಾನಿ ಇನ್ಸ್‌ಬ್ರುಕ್‌ನಿಂದಲೇ ನಡೆಯುತ್ತಿತ್ತು. ತಮ್ಮ ಕಡತಗಳೆಲ್ಲ ಪರ್ವತದಾಚೆಯ ಇನ್ನೊಂದು ಪ್ರಾಂತ್ಯದ ಕಚೇರಿಗೆ ಹೋಗಿ ಬರಬೇಕೆಂಬುದು ಇಲ್ಲಿನವರ ಬಹುಕಾಲದ ಅಸಮಾಧಾನವಾಗಿತ್ತು.

ಓಟ್ಟೋ ಎಂಡರ್ ಹುಟ್ಟಿದ್ದು 1875ರ ಡಿಸೆಂಬರ್ 24ರಂದು, ರೈನ್ ಕಣಿವೆಯ ಆಲ್ಟಾಖ್ ಎಂಬ ಹಳ್ಳಿಯಲ್ಲಿ. ಫೆಲ್ಡ್‌ಕಿರ್ಖ್‌ನಲ್ಲಿದ್ದ ಜೆಸ್ಯೂಟ್ ಪಾದ್ರಿಗಳ ಸ್ಟೆಲ್ಲಾ ಮಾಟುಟಿನಾ ಶಾಲೆಯಲ್ಲಿ ಓದಿದರು. ಮುಂದೆ ಚಾನ್ಸೆಲರ್, ಅಂದರೆ ದೇಶದ ಸರ್ಕಾರದ ಮುಖ್ಯಸ್ಥ, ಆದ ಕುರ್ಟ್ ಷುಷ್ನಿಗ್ ಅವರೂ ಆ ಶಾಲೆಯ ವಿದ್ಯಾರ್ಥಿಯೇ. ಕ್ಯಾಥೊಲಿಕ್ ಶ್ರದ್ಧೆ, ಶಿಸ್ತು, ಸಮಾಜವೆಂದರೆ ದೇವರು ಕ್ರಮವಾಗಿ ಜೋಡಿಸಿಟ್ಟ ವ್ಯವಸ್ಥೆ ಎಂಬ ನಂಬಿಕೆ, ಇವೆಲ್ಲ ಅಂಥ ಶಾಲೆಗಳಲ್ಲಿ ಎಳೆಯ ವಯಸ್ಸಿನಲ್ಲೇ ಮನಸ್ಸಿಗೆ ಇಳಿಯುತ್ತಿದ್ದವು. ನಂತರ ಕಾನೂನು ಓದಿ, ಡಾಕ್ಟರೇಟ್ ಪಡೆದು, ಪ್ರಾಂತ್ಯದ ರಾಜಧಾನಿ ಬ್ರೆಗೆಂಟ್ಸ್‌ನಲ್ಲಿ ವಕೀಲಿ ವೃತ್ತಿ ನಡೆಸಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಪ್ರಾಂತ್ಯದ ಅಡಮಾನ ಬ್ಯಾಂಕಿನ ಹೊಣೆಯನ್ನೂ, ಯುದ್ಧಕಾಲದ ಧಾನ್ಯ ಹಂಚಿಕೆಯ ಸ್ಥಳೀಯ ಹೊಣೆಯನ್ನೂ ಹೊತ್ತರು. ಈ ಎರಡನೆಯ ಕೆಲಸಕ್ಕೆ ನಾನು ಹೆಚ್ಚು ಮಹತ್ವ ಕೊಡುತ್ತೇನೆ. ಹಸಿದ ಜನರಿಗೆ ಹಿಟ್ಟು ಹಂಚುವ ಅಧಿಕಾರಿಗೆ ಹೊಗಳಿಕೆ ಸಿಗುವುದು ಅಪರೂಪ. ಆದರೆ ಯಾವ ಹಳ್ಳಿಯಲ್ಲಿ ಎಷ್ಟು ಬಾಯಿಗಳಿವೆ, ಯಾವ ಗೋದಾಮಿನಲ್ಲಿ ಎಷ್ಟು ಮೂಟೆಗಳಿವೆ, ವಿಯೆನ್ನಾದಿಂದ ಬರಬೇಕಾದದ್ದು ಬಾರದಿದ್ದರೆ ಏನಾಗುತ್ತದೆ ಎಂಬುದೆಲ್ಲ ಅವನಿಗೆ ಗೊತ್ತಿರಬೇಕಾಗುತ್ತದೆ. 1918ರ ಶರತ್ಕಾಲದಲ್ಲಿ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯ ಕುಸಿಯುವ ಹೊತ್ತಿಗೆ ಈ ತಿಳಿವಳಿಕೆಯೇ ರಾಜಕೀಯ ಬಲವಾಯಿತು.

1918ರ ನವೆಂಬರ್ 3ರಂದು ಬ್ರೆಗೆಂಟ್ಸ್‌ನಲ್ಲಿ ಪ್ರಾಂತ್ಯದ ತಾತ್ಕಾಲಿಕ ಸಭೆ ಸೇರಿತು. ಚಕ್ರವರ್ತಿ ಕಾರ್ಲ್ ಇನ್ನೂ ಅಧಿಕಾರದಿಂದ ಹಿಂದೆ ಸರಿದಿರಲಿಲ್ಲ. ಇಟಲಿಯೊಡನೆ ಕದನವಿರಾಮಕ್ಕೆ ಸಹಿ ಬಿದ್ದದ್ದು ಅದೇ ದಿನ. ಆ ಸಭೆ ಫೊರಾರ್ಲ್‌ಬೆರ್ಗ್ ಇನ್ನು ಮುಂದೆ ಟಿರೋಲ್‌ನ ಆಡಳಿತಕ್ಕೆ ಸೇರಿದ್ದಲ್ಲ, ಜರ್ಮನ್-ಆಸ್ಟ್ರಿಯಾ ಎಂಬ ಹೊಸ ರಾಷ್ಟ್ರದೊಳಗಿನ ಪ್ರತ್ಯೇಕ, ಸ್ವತಂತ್ರ ಪ್ರಾಂತ್ಯ ಎಂದು ಘೋಷಿಸಿ ಎಂಡರ್ ಅವರನ್ನು ಅದರ ಮುಖ್ಯಸ್ಥರನ್ನಾಗಿ ಆರಿಸಿತು. ಅವರಿಗೆ ಆಗ ನಲವತ್ತೆರಡು ವರ್ಷ. ಬಹುಮತ ಅವರ ಕ್ರಿಶ್ಚಿಯನ್ ಸೋಷಿಯಲ್ ಪಕ್ಷದ್ದಾಗಿದ್ದರೂ ಉದಾರವಾದಿ ಜರ್ಮನ್ ರಾಷ್ಟ್ರೀಯವಾದಿಗಳೂ ಸೋಷಿಯಲ್ ಡೆಮಾಕ್ರಾಟರೂ ಆ ಸಭೆಯಲ್ಲಿ ಕುಳಿತಿದ್ದರು. 1919ರ ಮಾರ್ಚ್ 14ರಂದು ಪ್ರಾಂತ್ಯ ತನ್ನದೇ ತಾತ್ಕಾಲಿಕ ಸಂವಿಧಾನವನ್ನು ಮಾಡಿಕೊಂಡಿತು. ಇಡೀ ದೇಶದ ಸಂವಿಧಾನ ಬರಲು ಇನ್ನೂ ಒಂದೂವರೆ ವರ್ಷವಿತ್ತು ಎಂಬುದನ್ನು ಗಮನಿಸಬೇಕು. ತನ್ನ ಪ್ರಾಂತ್ಯ ಕೇಂದ್ರದ ಕೃಪೆಯಿಂದ ಹುಟ್ಟಿದ್ದಲ್ಲ, ಪ್ರಾಂತ್ಯಗಳು ಸೇರಿದ್ದರಿಂದ ದೇಶವಾಯಿತು ಎಂಬುದು ಎಂಡರ್ ಅವರ ಜೀವಮಾನದ ವಾದ. ಈ ದಿನಾಂಕಗಳ ಕ್ರಮ ಆ ವಾದಕ್ಕೆ ಆಧಾರವಾಗಿತ್ತು.

ಇನ್ನು ಸ್ವಿಟ್ಜರ್ಲೆಂಡಿನ ಪ್ರಸಂಗ. ಸಾಮ್ರಾಜ್ಯ ಹೋಯಿತು, ಉಳಿದ ಆಸ್ಟ್ರಿಯಾದಲ್ಲಿ ಅನ್ನವಿಲ್ಲ, ಕಲ್ಲಿದ್ದಲಿಲ್ಲ, ಸಮಾಜವಾದಿಗಳ ಕೈಯಲ್ಲಿರುವ ವಿಯೆನ್ನಾದ ಮೇಲೆ ಕ್ಯಾಥೊಲಿಕ್ ರೈತರಿಗೆ ನಂಬಿಕೆಯಿಲ್ಲ. ಆದರೆ ನದಿಯಾಚೆ ಯುದ್ಧದಿಂದ ದೂರ ಉಳಿದ, ಕ್ರಮಬದ್ಧವಾದ ಗಣರಾಜ್ಯವೊಂದಿದೆ. ಹಾಗಾದರೆ ಅದನ್ನೇ ಏಕೆ ಸೇರಬಾರದು? ಲುಸ್ಟೆನಾವ್‌ನ ಶಾಲಾ ಶಿಕ್ಷಕ ಫರ್ಡಿನಾಂಡ್ ರೀಡ್‌ಮನ್ ಈ ಪ್ರಶ್ನೆಯನ್ನು ಚಳವಳಿಯಾಗಿ ಬೆಳೆಸಿದರು, ಸಹಿ ಸಂಗ್ರಹ ನಡೆಯಿತು. ಎಂಡರ್ ಈ ಚಳವಳಿಯನ್ನು ಹುಟ್ಟುಹಾಕಿದವರಲ್ಲ. ಮೊದಲಲ್ಲಿ ಅವರು ಎಚ್ಚರದಿಂದಲೇ ಇದ್ದರು. ಆದರೆ ಜನರ ಒಲವು ಎತ್ತ ಎಂಬುದು ಸ್ಪಷ್ಟವಾದಾಗ ಅದನ್ನು ತಡೆಯಲೂ ಹೋಗದೆ, ಅದಕ್ಕೊಂದು ಕಾನೂನಿನ ಚೌಕಟ್ಟು ಕಟ್ಟಿಕೊಟ್ಟರು. 1919ರ ಮೇ 11ರಂದು ನಡೆದ ಜನಮತ ಸಂಗ್ರಹದಲ್ಲಿ ಕೇಳಿದ ಪ್ರಶ್ನೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸ್ವಿಟ್ಜರ್ಲೆಂಡನ್ನು ಸೇರಬೇಕೇ ಬೇಡವೇ ಎಂದು ಅದು ನೇರವಾಗಿ ಕೇಳಲಿಲ್ಲ. ಫೊರಾರ್ಲ್‌ಬೆರ್ಗ್ ಜನರಿಗೆ ಸ್ವಿಸ್ ಒಕ್ಕೂಟವನ್ನು ಸೇರುವ ಇಚ್ಛೆಯಿದೆ ಎಂಬುದನ್ನು ಸ್ವಿಸ್ ಸರ್ಕಾರಕ್ಕೆ ತಿಳಿಸಿ ಮಾತುಕತೆ ಆರಂಭಿಸಲು ಪ್ರಾಂತ್ಯದ ಸರ್ಕಾರಕ್ಕೆ ಜನರು ಒಪ್ಪಿಗೆ ಕೊಡುತ್ತಾರೆಯೇ ಎಂಬುದಷ್ಟೇ ಪ್ರಶ್ನೆ. ಜನರ ಮಾತನ್ನು ಪಡೆಯುವುದು, ಆದರೆ ಯಾವ ಬಾಗಿಲನ್ನೂ ಮುಚ್ಚದಿರುವುದು: ಇದು ಪಳಗಿದ ವಕೀಲರ ಕೆಲಸ. ಮತ ಹಾಕಿದವರಲ್ಲಿ ಶೇಕಡಾ 80ರಷ್ಟು ಮಂದಿ ಹೌದೆಂದರು.

ಆ ಹೌದು ಫಲಿಸಲಿಲ್ಲ. ಪ್ರಾಂತ್ಯದೊಳಗೇ ಜವಳಿ ಗಿರಣಿಗಳ ಮಾಲೀಕರು ಆಸ್ಟ್ರಿಯಾದ ಮಾರುಕಟ್ಟೆ ಕೈತಪ್ಪುವ ಭಯದಿಂದಲೂ ಜರ್ಮನಿಯ ಕಡೆಗಿನ ಒಲವಿನಿಂದಲೂ ಎದುರು ನಿಂತಿದ್ದರು. ಸ್ವಿಟ್ಜರ್ಲೆಂಡಿನಲ್ಲಿ ಒಕ್ಕೂಟ ಸರ್ಕಾರದ ಫೆಲಿಕ್ಸ್ ಕಾಲೊಂಡರ್ ಸಹಾನುಭೂತಿ ತೋರಿದರಾದರೂ, ಜರ್ಮನ್ ಆಡುವ ಇನ್ನೊಂದು ಕ್ಯಾಥೊಲಿಕ್ ಪ್ರಾಂತ್ಯ ಒಳಬಂದರೆ ಭಾಷೆ ಮತ್ತು ಪಂಥಗಳ ನಡುವಿನ ಸೂಕ್ಷ್ಮ ಸಮತೋಲ ಕೆಡುತ್ತದೆಂದು ಫ್ರೆಂಚ್ ಭಾಷಿಕರೂ ಪ್ರಾಟೆಸ್ಟೆಂಟರೂ ಹಿಂಜರಿದರು. ಆಸ್ಟ್ರಿಯಾದ ಚಾನ್ಸೆಲರ್ ಕಾರ್ಲ್ ರೆನ್ನರ್ ಅವರಿಗಂತೂ ದೇಶ ಒಂದೊಂದು ತುಂಡಾಗಿ ಕಳಚಿಹೋಗುವ ಆತಂಕ. 1919ರ ಸೆಪ್ಟೆಂಬರ್ 10ರ ಸಾಂ ಜರ್ಮಾಂ ಶಾಂತಿ ಒಪ್ಪಂದ ಫೊರಾರ್ಲ್‌ಬೆರ್ಗ್ ಅನ್ನು ಆಸ್ಟ್ರಿಯಾದಲ್ಲೇ ಉಳಿಸಿತು. ಅದೇ ಸಮಯದಲ್ಲಿ ವಿಯೆನ್ನಾದಲ್ಲಿ ಉಪ ಚಾನ್ಸೆಲರ್ ಆಗಿದ್ದವರು ಬ್ರೆಗೆಂಟ್ಸ್ ಅರಣ್ಯ ಸೀಮೆಯ ರೈತ ಯೋಡೋಕ್ ಫಿಂಕ್, ಎಂಡರ್ ಅವರದೇ ಪ್ರಾಂತ್ಯದವರು, ಅವರದೇ ಪಕ್ಷದವರು. ಒಂದೇ ಪುಟ್ಟ ಪ್ರಾಂತ್ಯದ ಒಬ್ಬರು ಕೇಂದ್ರದಲ್ಲಿ ಗಣರಾಜ್ಯವನ್ನು ಕಟ್ಟುತ್ತಿದ್ದರು, ಇನ್ನೊಬ್ಬರ ಸರ್ಕಾರ ಅದರಿಂದ ಹೊರಹೋಗುವ ಬಗ್ಗೆ ಜನಮತ ಪಡೆದಿತ್ತು.

ಹೊರಹೋಗಲು ಆಗದ ಮೇಲೆ ಒಳಗಿದ್ದುಕೊಂಡೇ ಆದಷ್ಟು ಸ್ವಾತಂತ್ರ್ಯ ಗಳಿಸುವುದು ಎಂಡರ್ ಅವರ ಮುಂದಿನ ಗುರಿಯಾಯಿತು. 1920ರ ಫೆಬ್ರವರಿಯಲ್ಲಿ ಸಾಲ್ಸ್‌ಬುರ್ಗ್‌ನಲ್ಲಿ, ಏಪ್ರಿಲ್‌ನಲ್ಲಿ ಲಿಂಟ್ಸ್‌ನಲ್ಲಿ ಪ್ರಾಂತ್ಯಗಳ ಸಮ್ಮೇಳನಗಳು ನಡೆದಾಗ ಫೊರಾರ್ಲ್‌ಬೆರ್ಗ್ ಗಟ್ಟಿಯಾಗಿ ಒಕ್ಕೂಟವಾದದ ಪರ ನಿಂತಿತು. ಸಂಸತ್ತಿನ ಮೇಲ್ಮನೆಯಲ್ಲಿ ಚಿಕ್ಕದು ದೊಡ್ಡದು ಎಂಬ ಭೇದವಿಲ್ಲದೆ ಎಲ್ಲ ಪ್ರಾಂತ್ಯಗಳಿಗೂ ಸಮಾನ ಸ್ಥಾನ ಬೇಕೆಂಬುದು ಸ್ವಿಸ್ ಮಾದರಿಯ ಬೇಡಿಕೆ. ಅದು ಈಡೇರಲಿಲ್ಲ. ಜನಸಂಖ್ಯೆಯಲ್ಲಿ ಅತಿ ದೊಡ್ಡ ಪ್ರಾಂತ್ಯಕ್ಕೆ 12 ಸ್ಥಾನ, ಉಳಿದವಕ್ಕೆ ಅದೇ ಅನುಪಾತದಲ್ಲಿ, ಆದರೆ ಯಾವುದಕ್ಕೂ 3ಕ್ಕಿಂತ ಕಡಿಮೆಯಿಲ್ಲ ಎಂಬ ರಾಜಿಯಾಯಿತು. ಈ ಬೇಡಿಕೆಯನ್ನು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಅದು ವಿಚಿತ್ರವಾದ ರೀತಿಯಲ್ಲಿ ಈಡೇರಲಿದೆ.

1920ರ ದಶಕದ ಪ್ರಾಂತೀಯ ಆಡಳಿತದ ಬಗ್ಗೆ ಚುಟುಕಾಗಿ ಹೇಳುತ್ತೇನೆ. 1923ರಲ್ಲಿ ಪ್ರಾಂತ್ಯದ ಶಾಶ್ವತ ಸಂವಿಧಾನ ಬಂತು. ಅದೇ ವರ್ಷ ಸ್ವಿಟ್ಜರ್ಲೆಂಡಿನೊಡನೆ ಸೇರಿ ಕೈಗೊಂಡಿದ್ದ ರೈನ್ ನದಿ ನಿಯಂತ್ರಣದ ಕೆಲಸದಲ್ಲಿ ಡೀಪೋಲ್ಡ್ಸಾವ್ ಬಳಿಯ ಹೊಸ ಪಾತ್ರ ಪೂರ್ಣಗೊಂಡಿತು. 1924ರಲ್ಲಿ ಜರ್ಮನ್ ಪಾಲುದಾರರೊಡನೆ ಇಲ್‌ವೆರ್ಕೆ ಜಲವಿದ್ಯುತ್ ಸಂಸ್ಥೆ ಸ್ಥಾಪನೆಯಾಯಿತು. ಬೇರೇನೂ ಖನಿಜ ಸಂಪತ್ತಿಲ್ಲದ ಪ್ರಾಂತ್ಯ ತನ್ನ ಪರ್ವತದ ನೀರನ್ನೇ ಆದಾಯವಾಗಿಸಿಕೊಂಡು ಜರ್ಮನಿಗೆ ವಿದ್ಯುತ್ ಮಾರುವ ಈ ಯೋಜನೆ ಎಂಡರ್ ಕಾಲದ ದೂರದೃಷ್ಟಿಯ ಕೆಲಸ. ಅದರ ಫಲವನ್ನು ಆ ಪ್ರಾಂತ್ಯ ಇಂದಿಗೂ ಉಣ್ಣುತ್ತಿದೆ. ಪ್ರಾಂತ್ಯದ ಆಡಳಿತಗಾರರಾಗಿ ಅವರು ಮಿತವ್ಯಯಿ, ಶ್ರಮಜೀವಿ, ತಮ್ಮ ಜನರನ್ನು ಬಲ್ಲವರು. ಇಷ್ಟನ್ನು ಒಪ್ಪಿಕೊಂಡ ಮೇಲೂ ಒಂದು ಮಾತನ್ನು ಮರೆಮಾಚಬಾರದು. ಅವರ ಪಕ್ಷದ ಅಂದಿನ ಭಾಷೆಯಲ್ಲಿ ಯಹೂದಿ ದ್ವೇಷ ಸಹಜವೆಂಬಂತೆ ಬೆರೆತಿತ್ತು, ವಿಯೆನ್ನಾವನ್ನು ದೂರುವಾಗಲೆಲ್ಲ ಆ ದ್ವೇಷ ಕೈಗೆ ಸುಲಭವಾಗಿ ಸಿಗುವ ಆಯುಧವಾಗಿತ್ತು. ತನ್ನ ಪ್ರಾಂತ್ಯದ ಮೇಲಿನ ಪ್ರೀತಿಯನ್ನೂ ಹೊರಗಿನವರ ಮೇಲಿನ ಸಂಶಯವನ್ನೂ ಬೇರ್ಪಡಿಸುವ ಶ್ರಮವನ್ನು ಆ ರಾಜಕಾರಣ ಮಾಡಲಿಲ್ಲ.

1930ರ ನವೆಂಬರ್ 9ರ ಚುನಾವಣೆಯಲ್ಲಿ 165 ಸ್ಥಾನಗಳ ಸಂಸತ್ತಿನಲ್ಲಿ ಸೋಷಿಯಲ್ ಡೆಮಾಕ್ರಾಟರು 72 ಗೆದ್ದು ಅತಿ ದೊಡ್ಡ ಪಕ್ಷವಾದರು. ಕ್ರಿಶ್ಚಿಯನ್ ಸೋಷಿಯಲ್ ಪಕ್ಷಕ್ಕೆ 66. ಸಮಾಜವಾದಿಗಳನ್ನು ಹೊರಗಿಟ್ಟು ಸರ್ಕಾರ ರಚಿಸಬೇಕಾದರೆ ಮಾಜಿ ಪೊಲೀಸ್ ಮುಖ್ಯಸ್ಥ ಯೋಹಾನ್ನೆಸ್ ಷೋಬರ್ ಅವರ ಗುಂಪಿನ ಬೆಂಬಲ ಬೇಕಿತ್ತು, ಆ ಗುಂಪು ಒಪ್ಪುವಂಥ, ವಿಯೆನ್ನಾದ ಜಗಳಗಳಿಂದ ದೂರವಿದ್ದ ವ್ಯಕ್ತಿ ಬೇಕಿತ್ತು. ಡಿಸೆಂಬರ್ 4ರಂದು ಎಂಡರ್ ಚಾನ್ಸೆಲರ್ ಆದರು, ಷೋಬರ್ ಉಪ ಚಾನ್ಸೆಲರ್ ಮತ್ತು ವಿದೇಶಾಂಗ ಸಚಿವರಾದರು. ಪ್ರಾಂತ್ಯಗಳ ವಕೀಲರು ಆ ಗಣರಾಜ್ಯದ ಚಾನ್ಸೆಲರ್ ಆಗುವುದು ಹೊಸತೇನಲ್ಲ: ಸಾಲ್ಸ್‌ಬುರ್ಗ್‌ನ ರುಡಾಲ್ಫ್ ರಾಮೆಕ್ ಮೊದಲೇ ಆಗಿದ್ದರು, ಎಂಡರ್ ನಂತರ ಲೋವರ್ ಆಸ್ಟ್ರಿಯಾದ ಕಾರ್ಲ್ ಬೂರೆಷ್, ಆಮೇಲೆ ಇನ್ಸ್‌ಬ್ರುಕ್‌ನಲ್ಲಿ ವಕೀಲರಾಗಿದ್ದ ಷುಷ್ನಿಗ್. ರಾಜಕೀಯ ಪಕ್ಷಗಳು ಪರಸ್ಪರ ನಂಬದ ದೇಶದಲ್ಲಿ ಕಡತ ಓದಬಲ್ಲ, ದಾಖಲೆ ಬರೆಯಬಲ್ಲ ಹೊರಗಿನವರನ್ನು ಹುಡುಕುವುದು ಅಭ್ಯಾಸವಾಗಿತ್ತು.

ಎಂಡರ್ ಅವರ ಸರ್ಕಾರ ಆರು ತಿಂಗಳಷ್ಟೇ ಬದುಕಿತು, ಆದರೆ ಆ ಆರು ತಿಂಗಳಲ್ಲಿ ಎರಡು ಬಿರುಗಾಳಿಗಳು ಬಡಿದವು. 1931ರ ಮಾರ್ಚ್‌ನಲ್ಲಿ ಷೋಬರ್ ಜರ್ಮನಿಯ ವಿದೇಶಾಂಗ ಸಚಿವ ಯೂಲಿಯುಸ್ ಕುರ್ಟಿಯುಸ್ ಅವರೊಡನೆ ಸುಂಕದ ಒಕ್ಕೂಟವೊಂದರ ಒಪ್ಪಂದ ಮಾಡಿಕೊಂಡಾಗ ಫ್ರಾನ್ಸ್ ಸಿಡಿದೆದ್ದಿತು. ಎರಡು ಜರ್ಮನ್ ದೇಶಗಳ ವಿಲೀನಕ್ಕೆ ಇದು ಪೀಠಿಕೆ ಎಂಬುದು ಅದರ ಶಂಕೆ. ಆ ಗದ್ದಲ ಇನ್ನೂ ಆರದಿರುವಾಗ ಮೇ 8ರಂದು ದೇಶದ ಅತಿ ದೊಡ್ಡ ಬ್ಯಾಂಕಾದ ಕ್ರೆಡಿಟ್‌ಆನ್‌ಷ್ಟಾಲ್ಟ್ ತನಗೆ 140 ಮಿಲಿಯನ್ ಷಿಲಿಂಗ್ ನಷ್ಟವಾಗಿದೆ ಎಂದು ಸರ್ಕಾರಕ್ಕೆ ತಿಳಿಸಿತು. 1929ರಲ್ಲಿ ದಿವಾಳಿಯಾಗುತ್ತಿದ್ದ ಇನ್ನೊಂದು ದೊಡ್ಡ ಬ್ಯಾಂಕನ್ನು ಸರ್ಕಾರದ ಒತ್ತಾಯದಿಂದ ತನ್ನೊಳಗೆ ಸೇರಿಸಿಕೊಂಡಿದ್ದ ಆ ಸಂಸ್ಥೆಯ ಸಾಲವನ್ನೇ ಆಸ್ಟ್ರಿಯಾದ ಉದ್ಯಮಗಳ ಬಹುಪಾಲು ನೆಚ್ಚಿಕೊಂಡಿತ್ತು. ಮೇ 11ರಂದು ಸುದ್ದಿ ಹೊರಬಿದ್ದಾಗ ರಕ್ಷಣಾ ಯೋಜನೆಯೂ ಜೊತೆಗೇ ಪ್ರಕಟವಾಯಿತು. ಸರ್ಕಾರ 100 ಮಿಲಿಯನ್ ಕೊಡುವುದು, ಉಳಿದ ಭಾರವನ್ನು ಕೇಂದ್ರ ಬ್ಯಾಂಕು, ರಾತ್ಸ್‌ಚೈಲ್ಡ್ ಕುಟುಂಬ ಮತ್ತು ಷೇರುದಾರರು ಹೊರುವುದು. ಅದು ಸಾಲಲಿಲ್ಲ. ಠೇವಣಿದಾರರು ಹಣ ಹಿಂತೆಗೆಯುತ್ತಲೇ ಹೋದರು, ಸಾಲ ಕೊಟ್ಟಿದ್ದ ವಿದೇಶಿಯರನ್ನು ಸಮಾಧಾನಪಡಿಸಲು ಬ್ಯಾಂಕಿನ ಹೊಣೆಗಳಿಗೆ ಸರ್ಕಾರವೇ ಜಾಮೀನು ನಿಲ್ಲಬೇಕಾಯಿತು.

ಹಳ್ಳಿಯ ಅಡಮಾನ ಸಾಲಗಳನ್ನು ಒಂದೊಂದಾಗಿ ತೂಗಿನೋಡಿ ಅಭ್ಯಾಸವಿದ್ದ ಎಂಡರ್, ಲಂಡನ್ ಮತ್ತು ಪ್ಯಾರಿಸ್‌ಗಳ ಹಣದ ಲೆಕ್ಕಾಚಾರದ ಮುಂದೆ ಅಸಹಾಯಕರಾದರೆಂದೇ ನನ್ನ ತೀರ್ಮಾನ. ಇದಕ್ಕಾಗಿ ಅವರೊಬ್ಬರನ್ನೇ ದೂರುವಂತಿಲ್ಲ. ಬರ್ಲಿನ್ ಮತ್ತು ಲಂಡನ್‌ಗಳೂ ಕೆಲವೇ ವಾರಗಳಲ್ಲಿ ಅದೇ ಸುಳಿಗೆ ಸಿಕ್ಕವು. ಜೂನ್ 16ರಂದು ಫ್ರಾನ್ಸ್ ಸಾಲ ಬೇಕಾದರೆ ಸುಂಕದ ಒಕ್ಕೂಟವನ್ನು ಬಿಡಿ ಎಂಬ ಷರತ್ತು ಹಾಕಿತು. ಅದೇ ದಿನ ಆಂತರಿಕ ಸಚಿವ ಫ್ರಾಂಟ್ಸ್ ವಿಂಕ್ಲರ್ ಬ್ಯಾಂಕಿಗೆ ಕೊಟ್ಟ ಜಾಮೀನನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು, ಸರ್ಕಾರ ಬಿತ್ತು. ಬ್ಯಾಂಕ್ ಆಫ್ ಇಂಗ್ಲೆಂಡ್ 150 ಮಿಲಿಯನ್ ಷಿಲಿಂಗ್ ತುರ್ತು ಸಾಲ ಕೊಟ್ಟು ಉಸಿರು ಉಳಿಸಿದ್ದೂ ಆ ದಿನವೇ. ಎಂಡರ್ ಬ್ರೆಗೆಂಟ್ಸ್‌ಗೆ ಮರಳಿ, ಅದೇ ಬೇಸಿಗೆಯಲ್ಲಿ ಮತ್ತೆ ಪ್ರಾಂತ್ಯದ ಮುಖ್ಯಸ್ಥರ ಕುರ್ಚಿಯಲ್ಲಿ ಕುಳಿತರು. ಸಂಸತ್ತು, ಪಕ್ಷಗಳು, ಸಮ್ಮಿಶ್ರ ಸರ್ಕಾರದ ಚೌಕಾಸಿ, ಇವುಗಳ ಮೇಲೆ ಮೊದಲೇ ಇದ್ದ ಅವರ ಅಪನಂಬಿಕೆ ಈ ಅನುಭವದಿಂದ ಗಟ್ಟಿಯಾಗಿರಲು ಸಾಕು.

1933ರ ಮಾರ್ಚ್ 4ರಂದು ರೈಲ್ವೆ ಮುಷ್ಕರದ ಚರ್ಚೆಯ ಮತ ಎಣಿಕೆಯ ವಿವಾದದಲ್ಲಿ ಸಂಸತ್ತಿನ ಮೂವರು ಅಧ್ಯಕ್ಷರೂ ಒಬ್ಬರ ಹಿಂದೊಬ್ಬರು ರಾಜೀನಾಮೆ ಕೊಟ್ಟು, ಸಭೆ ಮುಗಿಸುವವರೇ ಇಲ್ಲದಂತಾಯಿತು. ಚಾನ್ಸೆಲರ್ ಎಂಗೆಲ್ಬರ್ಟ್ ಡೊಲ್‌ಫುಸ್ ಇದನ್ನೇ ನೆಪ ಮಾಡಿಕೊಂಡು, ಸಂಸತ್ತು ತನ್ನನ್ನು ತಾನೇ ಇಲ್ಲವಾಗಿಸಿಕೊಂಡಿತು ಎಂದು ಸಾರಿ, ಸದಸ್ಯರು ಮತ್ತೆ ಸೇರದಂತೆ ಪೊಲೀಸರಿಂದ ತಡೆದರು. ಆಡಳಿತಕ್ಕೆ ಆಧಾರವಾಗಿ ಅವರು ಬಳಸಿದ್ದು ಮಹಾಯುದ್ಧದ ಕಾಲದ ಆರ್ಥಿಕ ವ್ಯವಹಾರಗಳಿಗೆಂದು ಮಾಡಿದ್ದ 1917ರ ಕಾನೂನನ್ನು. ಮೇ ತಿಂಗಳಲ್ಲಿ ಸಂವಿಧಾನ ನ್ಯಾಯಾಲಯವನ್ನೂ ನಿಷ್ಕ್ರಿಯಗೊಳಿಸಲಾಯಿತು. ಹೀಗೆ ಎಲ್ಲ ತಡೆಗಳೂ ಹೋದ ಮೇಲೆ, ಅದೇ ಜುಲೈನಲ್ಲಿ, ಎಂಡರ್ ಖಾತೆಯಿಲ್ಲದ ಸಚಿವರಾಗಿ ಸರ್ಕಾರ ಸೇರಿದರು. ಅವರಿಗೆ ಕೊಟ್ಟ ಕೆಲಸ ಒಂದೇ: ಹೊಸ ಸಂವಿಧಾನ ಬರೆಯುವುದು.

ಅವರು ಏನನ್ನು ಬರೆದರೆಂಬುದನ್ನು ನೋಡೋಣ. 1920ರ ಸಂವಿಧಾನದ ಮೊದಲ ವಿಧಿ ಆಸ್ಟ್ರಿಯಾ ಪ್ರಜಾಸತ್ತಾತ್ಮಕ ಗಣರಾಜ್ಯ, ಅದರ ಕಾನೂನು ಹೊಮ್ಮುವುದು ಜನರಿಂದ ಎಂದು ಹೇಳುತ್ತದೆ. 1934ರ ಸಂವಿಧಾನ ಆರಂಭವಾಗುವುದು ಎಲ್ಲ ಕಾನೂನಿನ ಮೂಲನಾದ ಸರ್ವಶಕ್ತ ದೇವರ ಹೆಸರಿನಲ್ಲಿ. ಕ್ರೈಸ್ತವಾದ, ಜರ್ಮನ್ ಆದ, ವೃತ್ತಿವರ್ಗಗಳ ತಳಹದಿಯ ಒಕ್ಕೂಟ ರಾಷ್ಟ್ರಕ್ಕೆ ಆಸ್ಟ್ರಿಯಾದ ಜನರು ಈ ಸಂವಿಧಾನವನ್ನು ಪಡೆಯುತ್ತಾರೆ ಎನ್ನುತ್ತದೆ ಆ ಪೀಠಿಕೆ. ಪಡೆಯುತ್ತಾರೆ ಅಷ್ಟೆ, ತಮಗೆ ತಾವೇ ಕೊಟ್ಟುಕೊಳ್ಳುವುದಿಲ್ಲ. ರಾಜಕೀಯ ಪಕ್ಷಗಳ ಬದಲು ವೃತ್ತಿಗಳ ಆಧಾರದ ಮೇಲೆ ಸಮಾಜವನ್ನು ಜೋಡಿಸಬೇಕೆಂಬ ವಿಚಾರಕ್ಕೆ 1931ರ ಪೋಪರ ಸುತ್ತೋಲೆ ಧಾರ್ಮಿಕ ಬಲ ಕೊಟ್ಟಿತ್ತು. ರಾಜ್ಯ ಮಂಡಳಿ, ಸಂಸ್ಕೃತಿ ಮಂಡಳಿ, ಆರ್ಥಿಕ ಮಂಡಳಿ, ಪ್ರಾಂತ್ಯಗಳ ಮಂಡಳಿ ಎಂಬ ನಾಲ್ಕು ಸಭೆಗಳು ಮಸೂದೆಗಳ ಮೇಲೆ ಸಲಹೆಯನ್ನಷ್ಟೇ ಕೊಡಬಹುದು. ಅವುಗಳಿಂದ ಆಯ್ದ 59 ಮಂದಿಯ ಬುಂಡೆಸ್‌ಟಾಗ್ ಚರ್ಚೆಯಿಲ್ಲದೆ ಹೌದು ಅಥವಾ ಅಲ್ಲ ಎನ್ನಬಹುದು, ತಿದ್ದುಪಡಿ ಮಾಡುವಂತಿಲ್ಲ. ಮಸೂದೆ ತರುವ ಹಕ್ಕು ಸರ್ಕಾರಕ್ಕೆ ಮಾತ್ರ.

ಪ್ರಾಂತ್ಯಗಳ ಮಂಡಳಿಯನ್ನು ಗಮನಿಸಿ. ಅಲ್ಲಿ ಪ್ರತಿ ಪ್ರಾಂತ್ಯಕ್ಕೂ ಸಮಾನ ಪ್ರಾತಿನಿಧ್ಯ. 1920ರಲ್ಲಿ ಫೊರಾರ್ಲ್‌ಬೆರ್ಗ್ ಕೇಳಿ ಪಡೆಯಲಾಗದ್ದು ಕೊನೆಗೂ ಸಿಕ್ಕಿತು, ಆದರೆ ಸಲಹೆಗಷ್ಟೇ ಸೀಮಿತವಾದ ಸಭೆಯಲ್ಲಿ. ಅದೇ ಸಂವಿಧಾನದಲ್ಲಿ ಪ್ರಾಂತ್ಯದ ಮುಖ್ಯಸ್ಥರನ್ನು ಪ್ರಾಂತೀಯ ಸಭೆ ನೇರವಾಗಿ ಆರಿಸುವುದು ನಿಂತುಹೋಯಿತು. ಸಭೆ ಸೂಚಿಸಿದ ಮೂರು ಹೆಸರುಗಳಿಂದ ಒಬ್ಬರನ್ನು ರಾಷ್ಟ್ರಾಧ್ಯಕ್ಷರು ಚಾನ್ಸೆಲರ್ ಒಪ್ಪಿಗೆಯೊಡನೆ ನೇಮಿಸುವ ಪದ್ಧತಿ ಬಂತು. 1918ರ ನವೆಂಬರ್ 3ರಂದು ಬ್ರೆಗೆಂಟ್ಸ್‌ನ ಸಭೆ ಯಾರನ್ನೂ ಕೇಳದೆ ಎಂಡರ್ ಅವರನ್ನು ಆರಿಸಿತ್ತಲ್ಲ, ಅಂಥ ಆಯ್ಕೆ ಅವರೇ ಬರೆದ ಸಂವಿಧಾನದಲ್ಲಿ ಸಾಧ್ಯವಿರಲಿಲ್ಲ. ಅವರ ಬದುಕಿನಲ್ಲಿ ನನ್ನನ್ನು ಅತಿ ಹೆಚ್ಚು ನೋಯಿಸುವ ಸಂಗತಿ ಇದು. ಒಕ್ಕೂಟವಾದವನ್ನು ನಂಬಿದವರು ಅದರ ಹೊರರೂಪವನ್ನು ಉಳಿಸಿಕೊಂಡು ಜೀವವನ್ನು ಬಿಟ್ಟುಕೊಟ್ಟರು.

ಅದು ಜಾರಿಗೆ ಬಂದ ರೀತಿಯನ್ನೂ ಹೇಳಬೇಕು. 1934ರ ಫೆಬ್ರವರಿ 12ರಂದು ಲಿಂಟ್ಸ್‌ನಲ್ಲಿ ಆರಂಭವಾದ ಕಾರ್ಮಿಕರ ಪ್ರತಿರೋಧವನ್ನು ವಿಯೆನ್ನಾದ ವಸತಿ ಕಟ್ಟಡಗಳ ಮೇಲೆ ಫಿರಂಗಿ ಹಾರಿಸಿ ಹತ್ತಿಕ್ಕಲಾಯಿತು, ಸೋಷಿಯಲ್ ಡೆಮಾಕ್ರಾಟ್ ಪಕ್ಷವನ್ನು ನಿಷೇಧಿಸಿ ಅದರ ಸದಸ್ಯರ ಸಂಸತ್ ಸ್ಥಾನಗಳನ್ನು ರದ್ದುಪಡಿಸಲಾಯಿತು. ಏಪ್ರಿಲ್ 24ರಂದು ಹೊಸ ಸಂವಿಧಾನವನ್ನು ಮೊದಲು ಸುಗ್ರೀವಾಜ್ಞೆಯಾಗಿ ಹೊರಡಿಸಲಾಯಿತು. ಆಮೇಲೆ, ಕಾನೂನಿನ ನಿರಂತರತೆ ಕಾಣಬೇಕೆಂದು, ಏಪ್ರಿಲ್ 30ರಂದು ಉಳಿದ ಸಂಸತ್ತನ್ನು ಒಂದು ದಿನದ ಮಟ್ಟಿಗೆ ಕರೆಯಲಾಯಿತು. ಅಧ್ಯಕ್ಷತೆ ವಹಿಸಿದವರು ಇನ್ನೊಬ್ಬ ಪ್ರಾಂತೀಯ ವಕೀಲ, ರಾಮೆಕ್. 165 ಸ್ಥಾನಗಳ ಸಭೆಗೆ ಬಂದವರು 76 ಮಂದಿ. ಇಬ್ಬರು ವಿರೋಧಿಸಿ ಮತ ಹಾಕಿದರು. ಸಂವಿಧಾನವನ್ನು ಸಮಗ್ರವಾಗಿ ಬದಲಿಸುವುದಾದರೆ ಜನಮತ ಸಂಗ್ರಹ ನಡೆಯಲೇಬೇಕೆಂದು 1920ರ ಸಂವಿಧಾನದ 44ನೆಯ ವಿಧಿ ಸ್ಪಷ್ಟವಾಗಿ ಹೇಳಿತ್ತು. ಆ ಅಗತ್ಯವನ್ನೇ ತೆಗೆದುಹಾಕಿ, ಮೇ 1ರಂದು ಹೊಸ ಸಂವಿಧಾನವನ್ನು ಪ್ರಕಟಿಸಲಾಯಿತು.

ಎಂಡರ್ ಅವರ ಪರವಾಗಿ ಹೇಳುವ ಮಾತುಗಳಿವೆ, ಅವನ್ನೂ ನ್ಯಾಯವಾಗಿ ಎತ್ತಿಕೊಳ್ಳಬೇಕು. ಹಿಟ್ಲರ್ ಜರ್ಮನಿಯಲ್ಲಿ ಅಧಿಕಾರಕ್ಕೆ ಬಂದಿದ್ದ, ಆಸ್ಟ್ರಿಯಾದ ನಾಜಿಗಳು ಬಾಂಬು ಹಾಕುತ್ತಿದ್ದರು, ಚುನಾವಣೆ ನಡೆದಿದ್ದರೆ ಅವರು ಬೆಳೆಯುತ್ತಿದ್ದರು. ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನಾಜಿಗಳನ್ನು ಎದುರಿಸಲು ಬೇಕಾಗಿದ್ದ ದೇಶದ ಅತಿ ದೊಡ್ಡ ಪಕ್ಷವನ್ನೇ ಸೆರೆಗೆ ತಳ್ಳಿದ ವ್ಯವಸ್ಥೆಯನ್ನು ರಕ್ಷಣೆ ಎಂದು ಕರೆಯುವುದು ಹೇಗೆ? ಇನ್ನು ಕೆಲವರು, 1919ರ ಎಂಡರ್ ಬೇರೆ, 1934ರ ಎಂಡರ್ ಬೇರೆ ಎನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಜನರೆಂದರೆ ಅವರ ಕಣ್ಣಿಗೆ ಮೊದಲಿನಿಂದಲೂ ಕಾಣುತ್ತಿದ್ದದ್ದು ಒಂದೇ ಚರ್ಚಿಗೆ ಹೋಗುವ, ಒಂದೇ ಮಾತಾಡುವ, ಕಸುಬಿನಿಂದ ಗುರುತಿಸಿಕೊಳ್ಳುವ ರೈನ್ ಕಣಿವೆಯ ಸಮುದಾಯ. ಆ ಸಮುದಾಯದ ಬಹುಮತ ತಮ್ಮ ಅಭಿಪ್ರಾಯದ ಜೊತೆಗಿದ್ದಾಗ ಮತಪೆಟ್ಟಿಗೆಯನ್ನು ನಂಬುವುದು ಸುಲಭವಾಗಿತ್ತು. ಕಾರ್ಖಾನೆಯ ಕಾರ್ಮಿಕರೂ ನಾಸ್ತಿಕರೂ ಯಹೂದಿಗಳೂ ತುಂಬಿದ ವಿಯೆನ್ನಾದಂಥ ನಗರ ಆ ಚಿತ್ರದಲ್ಲಿ ಹೊಂದಲಿಲ್ಲ, ಹೊಂದದವರ ಮತಕ್ಕೆ ಅವರ ಎರಡನೆಯ ಸಂವಿಧಾನದಲ್ಲಿ ಜಾಗ ಸಿಗಲಿಲ್ಲ.

ಮುಂದಿನದು ಬೇಗ ಮುಗಿಯುವ ಕಥೆ. 1934ರ ಜುಲೈ 25ರಂದು ನಾಜಿಗಳು ಡೊಲ್‌ಫುಸ್ ಅವರನ್ನು ಕೊಂದರು. ಎಂಡರ್ ಅದೇ ವರ್ಷ ಸರ್ಕಾರದ ಲೆಕ್ಕಪತ್ರಗಳನ್ನು ಪರಿಶೋಧಿಸುವ ರೆಖ್ನುಂಗ್ಸ್‌ಹೋಫ್ ಸಂಸ್ಥೆಯ ಅಧ್ಯಕ್ಷರಾಗಿ 1938ರವರೆಗೆ ಅಲ್ಲಿದ್ದರು. ಅವರು ಬರೆದ ಸಂವಿಧಾನ ಪೂರ್ಣವಾಗಿ ಜಾರಿಗೆ ಬರಲೇ ಇಲ್ಲ; ವೃತ್ತಿವರ್ಗಗಳ ಸಂಘಟನೆ ಅರ್ಧಕ್ಕೇ ನಿಂತಿತ್ತು, ಮಂಡಳಿಗಳಿಗೆ ಸದಸ್ಯರನ್ನು ಸರ್ಕಾರವೇ ನೇಮಿಸುತ್ತಿತ್ತು. 1938ರ ಮಾರ್ಚ್‌ನಲ್ಲಿ ಜರ್ಮನ್ ಸೇನೆ ಒಳಬಂದಾಗ ಆ ರಾಜ್ಯದ ಪರವಾಗಿ ಒಂದು ಗುಂಡೂ ಹಾರಲಿಲ್ಲ. ಎಂಡರ್ ಅವರನ್ನು ನಾಜಿಗಳು ಬಂಧಿಸಿ ಹಲವು ತಿಂಗಳು ಸೆರೆಯಲ್ಲಿಟ್ಟರು. ಬಿಡುಗಡೆಯಾದ ಮೇಲೆ ಫೊರಾರ್ಲ್‌ಬೆರ್ಗ್‌ಗೆ ಕಾಲಿಡಬಾರದೆಂಬ ನಿಷೇಧ ಹೇರಿದರು. ಡೊಲ್‌ಫುಸ್‌ಗೆ 1917ರ ಕಾನೂನಿನ ದಾರಿ ತೋರಿಸಿಕೊಟ್ಟ ಅಧಿಕಾರಿ ರಾಬರ್ಟ್ ಹೆಖ್ಟ್ ಅದೇ ವರ್ಷ ಡಾಖೌ ಶಿಬಿರದಲ್ಲಿ ಸತ್ತರು.

ಯುದ್ಧ ಮುಗಿದ ನಂತರ ಎಂಡರ್ ರಾಜಕೀಯಕ್ಕೆ ಮರಳಲಿಲ್ಲ. 1960ರ ಜೂನ್ 25ರಂದು ಬ್ರೆಗೆಂಟ್ಸ್‌ನಲ್ಲಿ, ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. 1945ರಲ್ಲಿ ಮತ್ತೆ ಎದ್ದುನಿಂತ ಆಸ್ಟ್ರಿಯಾ 1934ರ ಸಂವಿಧಾನವನ್ನು ಕೈಬಿಟ್ಟು, 1929ರ ತಿದ್ದುಪಡಿಯೊಡನೆ 1920ರ ಸಂವಿಧಾನವನ್ನೇ ಮರಳಿ ತಂದುಕೊಂಡಿತು. ಅದರ ಪ್ರಕಾರ ಫೊರಾರ್ಲ್‌ಬೆರ್ಗ್ ಇಂದಿಗೂ ಟಿರೋಲ್‌ನಿಂದ ಬೇರೆಯಾದ, ತನ್ನ ಮುಖ್ಯಸ್ಥರನ್ನು ತನ್ನದೇ ಸಭೆಯಲ್ಲಿ ಆರಿಸಿಕೊಳ್ಳುವ ಪ್ರಾಂತ್ಯ. ಮೇಲ್ಮನೆಯಲ್ಲಿ ಅದರ ಪ್ರತಿನಿಧಿಗಳು ಮೂವರು.